ಸುಬ್ಬನ ಬೆನ್ನು

ನಾನು ಶಿಲ್ಪಿ. ಹೊಳನಗದ್ದೆಯಲ್ಲಿ ಹಾಗೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ಗಣಪತಿ ದಿನಕರ ಎನ್ನಬೇಕು. ಅಜ್ಜನ ಕಾಲದಿಂದ ನಮ್ಮದು ಮಣ್ಣಿನ ಗಣಪತಿ ಮಾಡುವ ಮನೆ. ನಾನು ಧಾರವಾಡಕ್ಕೆ ಹೋಗಿ ಚಿತ್ರಕಲೆ, ಶಿಲ್ಪ ಎಲ್ಲ ಕಲಿತು ಬಂದೆ. ಏನು ಪ್ರಯೋಜನ? ಯಾರ ಮುಖ ಬರೆದರೂ ಕಣ್ಣು ಮಾತ್ರ ಅಜ್ಜನ ಗಣಪತಿಯದ್ದೇ. ಒಬ್ಬ ಬ್ಯಾಂಕ್ ಮ್ಯಾನೇಜರರ ಚಿತ್ರ ಬರೆದುಕೊಟ್ಟಾಗ ಅವರ ಹೆಂಡತಿ ಸೊಂಡಿಲು ಎಲ್ಲಿ ಎಂದು ಕೇಳಿದ್ದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಂಕಿ ಊರಿನ ಮೀನುಗಾರ ಸುಬ್ಬ ತೀರಿಕೊಂಡು ವರ್ಷಾಂತ ಹತ್ತಿರ ಬಂದಾಗ ಅವನ ಹೆಂಡತಿ ದುರ್ಗಿ ನನ್ನನ್ನು ಕರೆಸಿದಳು. ದೋಣಿ ಎಳೆದಿಡುವ ಚಪ್ಪರದ ಪಕ್ಕ ಗಂಡನ ಸಿಮೆಂಟಿನ ಮೂರ್ತಿ ನಿಲ್ಲಬೇಕಂತೆ. ಫೋಟೊ ಕೇಳಿದೆ. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಸುಬ್ಬ ತಿರುಗಿ ನಿಲ್ಲುತ್ತಿದ್ದನಂತೆ. ಇದ್ದದ್ದು ಆಧಾರ್ ಕಾರ್ಡು ಮಾತ್ರ.

“ಅದು ಅವ್ರಲ್ಲ ತಮಾ, ಯಾರೋ ಕಳ್ಳ,” ಎಂದಳು ದುರ್ಗಿ. “ಕಂಡ ಕೂಡ್ಲೆ ಹೌದು ಇವ್ರೇ ಅನ್ನೂ ಹಾಂಗೆ ಇರ್ಬೇಕು. ಇಲ್ದಿದ್ರೆ ನಂಗೆ ಮೂರ್ತಿನೇ ಬ್ಯಾಡ.”

ಮೂರ್ತಿಗೆ ಕೈ ಹಾಕುವ ಮೊದಲು ನಾಲ್ಕೂ ಕಡೆಯಿಂದ ಕಾಗದದ ಮೇಲೆ ಇದ್ದಿಲಿನಲ್ಲಿ ಬರೆದುಕೊಳ್ಳುವುದು ನನ್ನ ಪದ್ಧತಿ. ದುರ್ಗಿಯ ಮಗ ಅಜಯನ ಮೊಬೈಲಿನಲ್ಲಿ ಸುಬ್ಬ ದೋಣಿ ನೂಕುವ ವಿಡಿಯೊ ಒಂದಿತ್ತು; ಅದರಲ್ಲೂ ಬೆನ್ನೇ. ಅದನ್ನು ನೋಡಿ ಹಿಂಬದಿ ಬರೆದೆ. ಉಳಿದದ್ದನ್ನು ಆಧಾರ್ ಕಾರ್ಡಿನಿಂದಲೂ ಭಂಡ ಧೈರ್ಯದಿಂದಲೂ ಬರೆದೆ.

ಹಾಳೆಗಳನ್ನು ಅವರ ಜಗಲಿಯಲ್ಲಿ ಹರಡಿದೆ. ಮೀಸೆ ದಪ್ಪ ಆಗಬೇಕೆಂದ ಅಜಯ. ಮಗಳು ಅರ್ಚನಾ, “ಗಲ್ಲ ಎಂತಕ್ಕೆ ಇಷ್ಟು ಉಬ್ಬಿದ್ದು ದಿನಕರಣ್ಣ? ಅಪ್ಪ ಮೋದಕ ತಿಂದ ಹಾಂಗೆ ಕಾಣ್ತದೆ,” ಎಂದಳು. ಹಲ್ಲು ಕಚ್ಚಿಕೊಂಡು ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಇಬ್ಬರೂ ಸರಿ ಎನ್ನುವ ಹೊತ್ತಿಗೆ ಪಕ್ಕದ ಮನೆಯ ವೆಂಕಟ ಬಂದ. ಬಲೆಯ ಜಗಳದಲ್ಲಿ ಅವನಿಗೂ ಸುಬ್ಬನಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

“ನಂದು ಎಂತಕ್ಕೆ ಬರ್ದದ್ದು?” ಅವನು ಗಾಬರಿಯಾದ. “ನಾ ಇನ್ನೂ ಬದ್ಕಿದ್ದೇನೆ!”

ನೋಡಿದರೆ ಹೌದು, ತದ್ರೂಪು ವೆಂಕಟ. ದುರ್ಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಈ ಮೂರ್ತಿ ನನ್ನಿಂದಾಗದು ಎಂದು ಹಾಳೆ ಎತ್ತಿಡತೊಡಗಿದೆ.

ಅಷ್ಟರಲ್ಲಿ ವೆಂಕಟ ಹಿಂಬದಿಯ ಹಾಳೆಯನ್ನು ಕೈಗೆತ್ತಿಕೊಂಡಿದ್ದ. “ಅತ್ತಿಗೆ, ಸುಬ್ಬ ಇಲ್ಲಿದ್ದಾನಲ್ಲ! ನನ್ನ ಕಂಡ ಕೂಡ್ಲೆ ಹೀಂಗೇ ತಿರುಗಿ ನಿಲ್ತಿದ್ದ. ಈ ಬೆನ್ನು ನಾ ಮರೆಯೂದುಂಟ?”

ದುರ್ಗಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು. ಇಳಿದ ಎಡ ಹೆಗಲ ಮೇಲೆ ಬೆರಳಾಡಿಸಿದಳು. “ಹೌದು. ಇವ್ರೇ. ದಿನಾ ದೋಣಿಗೆ ಹೋಗೂವಾಗ ಕಂಡದ್ದು ಇದೇ.”

“ಬರೂವಾಗ ಮೋರೆ ಕಾಣ್ತಿರ್ಲಿಲ್ಲನ ಆಯಿ?” ಅರ್ಚನಾ ಕೇಳಿದಳು.

“ಬರೂವಾಗ ಮೀನು ನೋಡೂದ, ಮೋರೆ ನೋಡೂದ?”

ನನಗೆ ಆಗ ಹೊಳೆಯಿತು. ಅಜ್ಜ ಗಣಪತಿಗೆ ಬೆನ್ನು ಮಾಡುತ್ತಲೇ ಇರಲಿಲ್ಲ. ಗೋಡೆಗೆ ಒರಗುವ ದೇವರಿಗೆ ಬೆನ್ನೇಕೆ ಎಂದು ಹಲಗೆಯಲ್ಲಿ ಚಪ್ಪಟೆಯಾಗಿ ತಟ್ಟಿ ಬಿಡುತ್ತಿದ್ದ. ಬೆನ್ನು ಬರೆಯುವಾಗ ಮಾತ್ರ ನನ್ನ ಕೈ ಅಜ್ಜನ ಹಿಡಿತದಲ್ಲಿರಲಿಲ್ಲ.

ಮೂರ್ತಿ ಈಗ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಮುಖ ನನಗೆ ಬಂದ ಹಾಗೆ ಬಂದಿದೆ. ದೋಣಿಯಲ್ಲಿ ವಾಪಸು ಬರುವವರು ದೂರದಿಂದಲೇ ಕೈ ಮುಗಿಯುತ್ತಾರೆ. ಸುಬ್ಬನಿಗೋ ಗಣಪತಿಗೋ, ನಾನು ಆ ವಿಷಯ ಎತ್ತುವುದಿಲ್ಲ. ದುರ್ಗಿ ಸಂಜೆ ಮೀನು ಮಾರಿ ಬಂದು ಬೆನ್ನಿನ ಕಡೆ ಬುಟ್ಟಿ ಬೋರಲು ಹಾಕಿ ಕೂರುತ್ತಾಳೆ.

“ಮುಂದೆ ಹೋಗಿ ಮೋರೆ ನೋಡಿದ್ರ?” ಎಂದು ಒಮ್ಮೆ ಕೇಳಿದೆ.

“ಇಲ್ಲ ತಮಾ,” ಎಂದಳು. “ಇಷ್ಟು ವರ್ಷ ಸಮಾ ನೋಡ್ಲೇ ಇಲ್ಲ. ಈಗ ಎದ್ರಿಗೆ ಹೋಗಿ ನಿಲ್ಲೂಕೆ ನಾಚ್ಕೆ ಆಗ್ತದೆ.”