ಬಲಗೈ ಬೇಡದ ಕ್ಯಾಮೆರಾ

ಠಾಣೆ ಊರಿನ ರೈಲ್ವೆ ಸ್ಟೇಷನ್ನಿನ ಪಶ್ಚಿಮಕ್ಕಿದ್ದ ಅಂಗಡಿಯಲ್ಲಿ ಮಾನಪ್ಪ ಆ ಕಪ್ಪು ಕ್ಯಾಮೆರಾವನ್ನು ಕೈಗೆತ್ತಿಕೊಂಡದ್ದೇ ತಡ, ಇದು ನಡೆಯದೆಂದು ಅವನಿಗೆ ಹೊಳೆಯಿತು. ಹಿಡಿಯುವ ಉಬ್ಬು ಬಲಕ್ಕೆ, ಫೋಟೊ ತೆಗೆಯುವ ಗುಂಡಿ ಬಲಕ್ಕೆ, ತಿರುಗಿಸುವ ಚಕ್ರವೂ ಬಲಕ್ಕೆ. ಎಡಗೈಗೆ ಅದರಲ್ಲಿ ಕೆಲಸವೆಂದರೆ ಕೆಳಗಿನಿಂದ ಆನಿಸಿ ಹಿಡಿಯುವುದಷ್ಟೇ. ಕ್ಯಾಮೆರಾ ಬೇಕಾಗಿದ್ದದ್ದು ಅವನ ತಮ್ಮ ಅಂಬಾದಾಸನಿಗೆ. ಅಂಬಾದಾಸನ ಬಲಗೈಯಲ್ಲಿ ಹೆಬ್ಬೆರಳೊಂದು ಬಿಟ್ಟರೆ ಬೇರೆ ಬೆರಳಿಲ್ಲ.

ಹೆತ್ತ ಮಗಳಿಗೂ ಇದು ಹೊಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೊಳೆಯಲಿಲ್ಲ, ಏನು ಮಾಡುವುದು. ಆ ಬೆರಳುಗಳು ಹೋದಾಗ ಅಂಬಾದಾಸನ ಮಗಳು ವೈಶಾಲಿಗೆ ನಾಲ್ಕು ವರ್ಷ. ಅಪ್ಪ ಎಡಗೈಯಲ್ಲೇ ಉಣ್ಣುವುದನ್ನು, ಎಡಗೈಯಲ್ಲೇ ಗೇಟು ತೆಗೆಯುವುದನ್ನು ನೋಡುತ್ತ ಬೆಳೆದವಳ ಕಣ್ಣಿಗೆ ಅದೊಂದು ಕೊರತೆಯಾಗಿ ಎಂದೂ ಬಿದ್ದಿರಲಿಲ್ಲ. ಅಂಬಾದಾಸ ನೆರೂಳದ ಒಂದು ವಸತಿ ಸೊಸೈಟಿಯಲ್ಲಿ ವಾಚ್‌ಮನ್. ಡ್ಯೂಟಿ ಮುಗಿದ ಮೇಲೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹೋಗಿ ಮೊಬೈಲಿನಲ್ಲಿ ಹಕ್ಕಿಗಳ ಫೋಟೊ ತೆಗೆಯುವುದು ಅವನಿಗಿದ್ದ ಒಂದೇ ಹುಚ್ಚು. ಆ ಮೊಬೈಲಿನಲ್ಲೋ, ಆಳೆತ್ತರದ ರಾಜಹಂಸವೂ ಸಾಸಿವೆ ಕಾಳಿನಷ್ಟೇ ಬರುತ್ತಿತ್ತು. ಐರೋಲಿಯಲ್ಲಿ ಹೊಸದಾಗಿ ನೌಕರಿ ಹಿಡಿದ ವೈಶಾಲಿ, ಪಪ್ಪಾನಿಗೆ ಒಳ್ಳೆಯದೊಂದು ಡಿಎಸ್‌ಎಲ್‌ಆರ್ ಕೊಡಿಸೋಣ, ಹೇಳದೇ ಕೇಳದೇ ಕೊಡೋಣ ಎಂದಾಗ ಮಾನಪ್ಪ ಅರ್ಧ ದುಡ್ಡು ತನ್ನದು ಎಂದಿದ್ದ. ಯಾಕೆಂದು ಅವಳು ಕೇಳಲಿಲ್ಲ. ದೊಡ್ಡಪ್ಪ ಕೊಡುವುದರಲ್ಲಿ ಕೇಳುವುದೇನಿದೆ?

ಕೌಂಟರಿನ ಆಚೆ ನಿಂತಿದ್ದ ಜಯಶೀಲ ಮಂಗಳೂರು ಕಡೆಯವನು. ಮಾನಪ್ಪ, ವೈಶಾಲಿ ಇಬ್ಬರ ಮಾತು ಕಿವಿಗೆ ಬಿದ್ದಾಗಿನಿಂದ ಹಿಂದಿ ಬಿಟ್ಟು ಕನ್ನಡಕ್ಕಿಳಿದಿದ್ದ.

“ಈಗ ಎಲ್ಲರಿಗೂ ಹೊಸ ನಮೂನೆಯ ಮಿರರ್‌ಲೆಸ್ಸೇ ಬೇಕು. ಆದ್ರೆ ಕಲಿಯುವವರಿಗೆ ಇದು ಒಳ್ಳೇದು ಮಾರಾಯ್ರೆ. ಗಟ್ಟಿ ಉಂಟು, ಬ್ಯಾಟರಿ ದಿನವಿಡೀ ಬರ್ತದೆ. ಹಕ್ಕಿಗೆ ಅಂತ ಆದ್ರೆ ಈ ಉದ್ದದ ಲೆನ್ಸ್ ಬೇಕೇ ಬೇಕು.”

“ಎಡಗೈಯಾಗ ಹಿಡಿಯೋದು ಸಿಗಂಗಿಲ್ಲೇನ್ರಿ?” ಎಂದ ಮಾನಪ್ಪ.

“ಎಡಗೈದು ನಮ್ಮಲ್ಲಿ ಬರುದೇ ಇಲ್ಲ. ಯಾಕೆ?”

ವೈಶಾಲಿ ದೊಡ್ಡಪ್ಪನ ಮುಖ ನೋಡಿದಳು, ಆಮೇಲೆ ಕ್ಯಾಮೆರಾ ನೋಡಿದಳು. “ಅರೇ, ಮೈನೇ ಸೋಚಾ ಹೀ ನಹೀಂ, ನನಗ ಹೊಳೀಲೇ ಇಲ್ಲ,” ಎಂದವಳೇ ಸ್ಟೂಲಿನ ಮೇಲೆ ಕುಸಿದು ಕೂತಳು. ಜಯಶೀಲ ವಿಚಾರಿಸಿದಾಗ ಅವಳೇ ಹೇಳಿದಳು.

“ಪಪ್ಪಾ ಡೊಂಬಿವಲಿ ಎಂಐಡಿಸಿ ಫ್ಯಾಕ್ಟರಿಯಾಗ ತಗಡು ಒತ್ತೋ ಪ್ರೆಸ್ ಮಶೀನ್ ಮ್ಯಾಲೆ ಇದ್ರು. ಅದಕ್ಕ ಎರಡು ಬಟನ್ ಇರ್ತಾವ, ಎರಡೂ ಕೈಲೆ ಒತ್ತಿದ್ರಷ್ಟ ಪ್ರೆಸ್ ಕೆಳಗ ಬರ್ತದ. ಕೈ ಒಳಗ ಇರಬಾರ್ದು ಅಂತ ಸೇಫ್ಟಿ. ಕೆಲಸ ಫಾಸ್ಟ್ ಆಗ್ಲಿ ಅಂತ ಪಪ್ಪಾನೇ ಒಂದು ಬಟನ್ನಿಗೆ ಟ್ಯೂಬ್ ಬಿಗಿದು ಕಟ್ಟಿದ್ರಂತ. ಬಲಗೈ ಒಳಗ ಇದ್ದಾಗ್ಲೇ ಪ್ರೆಸ್ ಬಿತ್ತು. ತಪ್ಪು ಅವರದೇ, ಉನ್ಕೀ ಹೀ ಗಲ್ತೀ ಥೀ.”

ಅಪ್ಪನ ಊರು ಯಾವುದೆಂದು ಕೇಳಿದರೆ ಹೇಳುವಷ್ಟು ಸರಾಗವಾಗಿ ಹೇಳಿದಳು. ಮಾನಪ್ಪ ಕ್ಯಾಮೆರಾವನ್ನು ಕೌಂಟರಿನ ಮೇಲಿಟ್ಟ. ಆ ಟ್ಯೂಬು ಕಟ್ಟಿದವನು ಅವನೇ.

ಆಗ ಅವನು ಅದೇ ಕಾರ್ಖಾನೆಯಲ್ಲಿ ಮಶೀನು ಹೊಂದಿಸಿ ಕೊಡುವ ಸೆಟ್ಟರ್. ತಮ್ಮನನ್ನು ಕಲಬುರಗಿಯಿಂದ ಕರೆತಂದು ಕೆಲಸಕ್ಕೆ ಹಚ್ಚಿದವನೂ ಅವನೇ. ಅಂದು ಬೆಳಿಗ್ಗೆ ಮಾಲು ಬೇಗ ಹೊರಡಬೇಕಿತ್ತು. ಸೈಕಲ್ ಟ್ಯೂಬಿನ ತುಂಡಿನಿಂದ ಬಲಗಡೆಯ ಗುಂಡಿಯನ್ನು ಅದುಮಿ ಕಟ್ಟಿ ಹೋಗಿದ್ದ. ಆಮೇಲೆ ಸಾಹೇಬರು ವಿಚಾರಣೆಗೆ ಬಂದಾಗ ಅವನ ನಾಲಿಗೆ ತಡವರಿಸಲಿಲ್ಲ. ತಮ್ಮನೇ ಕಟ್ಟಿಕೊಂಡ ಎಂದುಬಿಟ್ಟ. ಆಸ್ಪತ್ರೆಯಲ್ಲಿ ತಮ್ಮನಿಗೂ ಅದನ್ನೇ ಹೇಳಿದ. ಬೇರೆ ದಿನಗಳಲ್ಲಿ ಅಂಬಾದಾಸನೂ ಕಟ್ಟಿದ್ದುಂಟು, ಅಲ್ಲಿ ಕಟ್ಟದವರೇ ಇರಲಿಲ್ಲ. ಜ್ವರದ ಮಂಪರಿನಲ್ಲಿದ್ದ ಹುಡುಗ, ಅಣ್ಣ ಹೇಳುತ್ತಾನೆಂದರೆ ಹಾಗೇ ಇರಬೇಕು ಎಂದುಕೊಂಡ. ಹದಿನೆಂಟು ವರ್ಷದಿಂದ ತನ್ನನ್ನೇ ತಾನು ಬೈದುಕೊಳ್ಳುತ್ತ ಬಂದಿದ್ದಾನೆ. ತನ್ನ ನೌಕರಿ ಹೋದೀತೆಂಬ ಹೆದರಿಕೆಗೆ ಮಾನಪ್ಪ ಹೇಳಿದ ಸುಳ್ಳು ಅದು. ಆ ನೌಕರಿ ಎಂದೋ ಹೋಯಿತು, ಸುಳ್ಳು ಮಾತ್ರ ಉಳಿದುಕೊಂಡಿತು.

ಜಯಶೀಲ ಅಷ್ಟರಲ್ಲಿ ಏನೋ ಯೋಚಿಸಿ ಕ್ಯಾಮೆರಾವನ್ನು ತಲೆಕೆಳಗು ಮಾಡಿದ್ದ. “ಹೀಗೆ ಹಿಡಿದ್ರೆ ಆಗ್ತದಾ ನೋಡಿ. ಉಬ್ಬು ಈಗ ಎಡಕ್ಕೆ ಬಂತಲ್ಲ? ಬಟನ್ ಕೆಳಗೆ ಹೋಯ್ತು, ಕಿರುಬೆರಳಲ್ಲಿ ಒತ್ತಬಹುದು. ಕಣ್ಣಿಟ್ಟು ನೋಡಿದ್ರೆ ಹಕ್ಕಿ ನೆಟ್ಟಗೇ ಕಾಣ್ತದೆ. ಫೋಟೊ ಉಲ್ಟಾ ಬರ್ತದೆ, ಅದನ್ನು ಆಮೇಲೆ ತಿರುಗಿಸಿದ್ರೆ ಆಯ್ತು.”

ಮಾನಪ್ಪ ಬಲಗೈಯ ನಾಲ್ಕೂ ಬೆರಳನ್ನು ಮಡಚಿಕೊಂಡ. ಆ ಮುಷ್ಟಿಯ ಮೇಲೆ ಲೆನ್ಸನ್ನು ಆನಿಸಿ, ಎಡಗೈಯಲ್ಲಿ ಹಿಡಿದು, ಕಿರುಬೆರಳಿನಿಂದ ಒತ್ತಿದ. ಟಕ್ಕೆಂದಿತು. ಮತ್ತೆ ಒತ್ತಿದ, ಮತ್ತೆ ಒತ್ತಿದ. ಇನ್ನೆರಡು ಕ್ಯಾಮೆರಾ ತರಿಸಿ ಅವನ್ನೂ ಹಾಗೆಯೇ ಹಿಡಿದು ನೋಡಿ, ಎಲ್ಲಕ್ಕಿಂತ ಹಗುರಾದದ್ದನ್ನು ಆರಿಸಿದ. ಮಡಚಿದ ಬೆರಳು ಬಿಚ್ಚುವಾಗ ಅವನಿಗೆ ನಾಚಿಕೆಯಾಯಿತು.

ನೆರೂಳದ ಲೋಕಲ್ ರೈಲಿನಲ್ಲಿ ವೈಶಾಲಿ ಕ್ಯಾಮೆರಾದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. “ದೊಡ್ಡಪ್ಪಾ, ನೀವೇ ಕೊಡ್ರಿ. ನಿಮ್ಮ ಕೈಲೆ ಕೊಟ್ರ ಪಪ್ಪಾಗ ಭಾಳ ಖುಷಿ ಆಗ್ತದ.”

ಕೊಟ್ಟು ಸುಮ್ಮನಾಗಿಬಿಡು, ಇಷ್ಟು ಮಾಡಿದೆಯಲ್ಲ ಸಾಕು ಎಂದು ಮನಸ್ಸು ಪುಸಲಾಯಿಸಿತು. ಅರ್ಧ ದುಡ್ಡು ಕೊಡುವಾಗಲೂ ಅದು ಇದನ್ನೇ ಹೇಳಿತ್ತು. ಥೂ ನಿನ್ನ, ಎಂದು ತನ್ನನ್ನೇ ಶಪಿಸಿಕೊಂಡು ಮಾನಪ್ಪ ಕಿಟಕಿಯತ್ತ ತಿರುಗಿದ.

ಅಂಬಾದಾಸ ಗೇಟಿನ ಬಳಿ ಮೇಜು ಕುರ್ಚಿ ಹಾಕಿಕೊಂಡಿದ್ದ. ಡಬ್ಬಿ ಬಿಚ್ಚಿದಾಗ ಕ್ಯಾಮೆರಾವನ್ನು ಎಡಗೈಯಲ್ಲಿ ಸವರಿ ನೋಡಿದ. ಮಾನಪ್ಪ ತಲೆಕೆಳಗು ಮಾಡಿ ಹಿಡಿಯುವುದನ್ನು ತೋರಿಸಿಕೊಟ್ಟ. ಒಂದೆರಡು ಸಲ ತಡವರಿಸಿದರೂ ಅಂಬಾದಾಸ ಬೇಗನೇ ಕಲಿತ. ಕಾಂಪೌಂಡ್ ಗೋಡೆಯ ಮೇಲಿದ್ದ ಕಾಗೆಯ ಮೇಲೆ ಕಣ್ಣು ನೆಟ್ಟು ಒತ್ತಿದ. ಹಿಂದಿನ ಪರದೆಯಲ್ಲಿ ಕಾಗೆಯ ಒಂದೊಂದು ಗರಿಯೂ ಬಂದಿತ್ತು. ವೈಶಾಲಿ ಖುಷಿಗೆ ಚಪ್ಪಾಳೆ ತಟ್ಟಿ, ಚಹಾ ತರುತ್ತೇನೆಂದು ಎದುರಿನ ಟಪರಿ ಅಂಗಡಿಗೆ ಹೋದಳು.

“ಅಣ್ಣಾ,” ಎಂದ ಅಂಬಾದಾಸ. ಅವನ ಕಣ್ಣು ತುಂಬಿತ್ತು. “ನನ್ನ ಹುಚ್ಚಾಟಕ್ಕ ನಾ ಕೈ ಕಳ್ಕೊಂಡೆ. ಅದರ ತ್ರಾಸು ನಿನಗ ಇನ್ನೂ ತಪ್ಪಲಿಲ್ಲ ನೋಡು.”

“ಅಂಬೂ, ಆ ಟ್ಯೂಬು ನೀ ಕಟ್ಟಿರಲಿಲ್ಲ.”

“ಏನಂದಿ?”

“ನಾ ಕಟ್ಟಿದ್ದೆ. ನೀ ಬರೋಕಿಂತ ಮೊದಲ ಕಟ್ಟಿ ಇಟ್ಟಿದ್ದೆ. ಸಾಹೇಬರ ಮುಂದ ಸುಳ್ಳು ಹೇಳಿದೆ. ನಿನ್ನ ಮುಂದೂ ಹೇಳಿದೆ.”

ಅಂಬಾದಾಸ ಕ್ಯಾಮೆರಾವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಹೊಡೆಯುತ್ತಾನೆಂದುಕೊಂಡ ಮಾನಪ್ಪ. ಹೊಡೆದಿದ್ದರೆ ಒಳ್ಳೆಯದಿತ್ತು. ಒಂದು ಕಾರು ಬಂದು ಹಾರನ್ ಹಾಕಿತು. ಅಂಬಾದಾಸ ಎದ್ದು ಗೇಟು ತೆಗೆದ, ಕಾರು ಒಳಗೆ ಹೋದ ಮೇಲೆ ಮುಚ್ಚಿದ, ಬಂದು ಮತ್ತೆ ಕೂತ.

“ಇನ್ನೊಮ್ಮಿ ಹೇಳು,” ಎಂದ.

“ನಾ ಕಟ್ಟಿದ್ದೆ. ನಿಂದೇನೂ ತಪ್ಪಿರಲಿಲ್ಲ.”

ವೈಶಾಲಿ ಚಹಾ ಹಿಡಿದು ಬರುತ್ತಿದ್ದಳು. ಅಂಬಾದಾಸ ಅವಳನ್ನು ಹತ್ತಿರ ಕರೆದ. “ನಿಮ್ಮ ದೊಡ್ಡಪ್ಪ ಏನೋ ಹೇಳ್ತಾನ, ಕೇಳು.”

ಮೂರನೆಯ ಸಲ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಮಾನಪ್ಪ ನೆಲ ನೋಡುತ್ತ ಹೇಳಿದ. ವೈಶಾಲಿ ಚಹಾದ ಲೋಟ ಹಿಡಿದು ಹಾಗೆಯೇ ನಿಂತಳು, ಕೆಳಗಿಡಬೇಕೆಂಬುದೂ ಅವಳಿಗೆ ತೋಚಲಿಲ್ಲ.

“ಕೇಳಿದಿ?” ಎಂದ ಅಂಬಾದಾಸ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನಾ ಕಟ್ಟಿರಲಿಲ್ಲ. ನಿಮ್ಮವ್ವ ಸಾಯೋತನಕ ಕೇಳಿದಳು, ಎದಕ್ಕ ಕಟ್ಟಿಕೊಂಡ್ರಿ, ಸಣ್ಣ ಕೂಸು ಐತಿ ಅನ್ನೋದು ನೆನಪಾಗಲಿಲ್ಲೇನು ಅಂತ. ನಾ ತಲಿ ತಗ್ಗಿಸಿ ಕೂಡ್ತಿದ್ದೆ. ನಾ ಕಟ್ಟೇ ಇರಲಿಲ್ಲವ್ವಾ.”

ಆಮೇಲೆ ಅವನು ಅಣ್ಣನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ತಾಳಿಕೊಳ್ಳುವುದು ಮಾನಪ್ಪನಿಂದಾಗಲಿಲ್ಲ.

“ಆಕಿಗೆ ಈಗ ಯಾರು ಹೇಳ್ತಾರಣ್ಣಾ?”