ಮೂರನೇ ಮಹಡಿಯ ಬಾಗಿಲು

ಶನಿವಾರ ಸಂಜೆ ಚರ್ಚಿನಲ್ಲಿ, ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯ ಸಾಲಿನಲ್ಲಿ ಲಿಫ್ಟ್ ಮೇಸ್ತ್ರಿ ನಾಲ್ಕನೆಯವನಾಗಿ ನಿಂತಿದ್ದ. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಹಿಂದೆ ನಿಂತಿದ್ದ ಹೆಂಡತಿ ಇಣುಕಿ ನೋಡಿದಳು.

"ಏನ್ರೀ ಇದು, ಇಷ್ಟುದ್ದ! ಮದುವೆಯಾದ ಮೇಲಿನದು ಎಷ್ಟು, ಮುಂಚಿನದು ಎಷ್ಟು?"

"ಸುಮ್ನಿರೇ, ಮೊದಲೇ ಎದೆ ಡವಡವ ಅಂತಿದೆ."

ಹೆಂಡತಿ ಹುಟ್ಟಿನಿಂದ ಕ್ರೈಸ್ತಳು. ಐವತ್ತೆರಡನೇ ವಯಸ್ಸಿನಲ್ಲಿ ಅವನಿಗೆ ನಾಳೆ ಜ್ಞಾನಸ್ನಾನ, ಕ್ರೈಸ್ತನಾಗುವ ದಿನ. ಕಾಗದದ ಕೊನೆಯ ಸಾಲೊಂದನ್ನು ಆಕೆಗೂ ಅವನು ಹೇಳಿರಲಿಲ್ಲ. ಏಳು ವರ್ಷದ ಹಿಂದೆ ಒಂದು ಕಟ್ಟಡದಲ್ಲಿ ಲಿಫ್ಟ್ ರಿಪೇರಿ ಮುಗಿಸಿ, ಮೂರನೇ ಮಹಡಿಯ ಬಾಗಿಲಿಗೆ ಚಿಲಕ ಹಾಕುವುದನ್ನು ಮರೆತಿದ್ದ. ಲಿಫ್ಟ್ ಅಲ್ಲೇ ಇದೆ ಅಂದುಕೊಂಡು ಕಾವಲುಗಾರ ಒಳಗೆ ಕಾಲಿಟ್ಟು, ಒಂದು ಮಹಡಿ ಕೆಳಗಿದ್ದ ಲಿಫ್ಟಿನ ಮೇಲೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಸುದ್ದಿ ಬಂದ ಕೂಡಲೇ ಇವನು ಮಾಡಿದ್ದೇನು? ರಿಜಿಸ್ಟರಿನಲ್ಲಿ ಬಾಗಿಲು ಮುಚ್ಚಬೇಕಾದವರ ಜಾಗದಲ್ಲಿ ಜೊತೆಗಾರ ಉದ್ದಣ್ಣನ ಹೆಸರು ಬರೆದುಬಿಟ್ಟ. ಕಾವಲುಗಾರನ ಕಾಲು ಕೂಡಿತು. ಉದ್ದಣ್ಣನ ಕೆಲಸ ಹೋಯಿತು.

ಮಂಡಿಯೂರಿ ಬಾಯಿ ತೆರೆಯುವಷ್ಟರಲ್ಲೇ ಜಾಲರಿಯ ಆಚೆಯಿಂದ ಫಾದರ್ ತಡೆದರು. "ಮೇಸ್ತ್ರಿ ಅಲ್ವಾ? ನೀವ್ಯಾಕೆ ಬಂದ್ರಿ? ಇದು ಜ್ಞಾನಸ್ನಾನ ಆದವರಿಗೆ. ನಾಲ್ಕು ತಿಂಗಳು ಪಾಠ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲಪ್ಪ!"

"ಬರೆದುಕೊಂಡು ಬಂದಿದ್ದೆ ಫಾದರ್."

"ಬರೆದದ್ದಕ್ಕೆ ಪಶ್ಚಾತ್ತಾಪ ಇದೆಯಾ?"

"ಏಳು ವರ್ಷದಿಂದ ಅನ್ನ ಮೈಗೆ ಹತ್ತಿಲ್ಲ."

"ಹಾಗಾದ್ರೆ ನಾಳೆ ನೀರು ಬಿದ್ದಾಗ ಎಲ್ಲವೂ ಹೋಗುತ್ತೆ. ನನಗೆ ಒಂದಕ್ಷರ ಹೇಳಬೇಕಾಗಿಲ್ಲ."

"ಇಷ್ಟು ಸುಲಭನಾ?"

"ನಿಮಗೆ ಸುಲಭ. ಶಿಲುಬೆ ಮೇಲಿದ್ದವನಿಗೆ ಸುಲಭ ಆಗಿರಲಿಲ್ಲ."

ಮೇಸ್ತ್ರಿ ಏಳಲಿಲ್ಲ. "ನನ್ನಿಂದ ಒಬ್ಬನಿಗೆ ಕೆಟ್ಟ ಹೆಸರು ಬಂದಿದೆ. ಅವನ ಹತ್ರ ಹೋಗೋದು ಬೇಡ್ವಾ ಹಾಗಾದ್ರೆ?"

"ದೇವರು ನಿಮ್ಮನ್ನ ಕ್ಷಮಿಸಿದ್ರೆ ಅವನ ಮುಖದ ಮಸಿ ತಾನಾಗೇ ಹೋಗುತ್ತಾ? ಅದನ್ನ ಒರೆಸೋ ಕೆಲಸ ನಿಮ್ಮದೇ. ಆದ್ರೆ ದೇವರ ಕ್ಷಮೆ ಗಿಟ್ಟಿಸೋಕೆ ಅಂತ ಹೋಗಬೇಡಿ. ಕ್ಷಮೆ ಸಿಕ್ಕಿದವನಾಗಿ ಹೋಗಿ. ಈಗ ಏಳಿ, ಹಿಂದೆ ಸಾಲು ಬೆಳೀತಿದೆ."

ಹೊರಬಂದ ಗಂಡನನ್ನು ಕಂಡು ಹೆಂಡತಿ ಬೆರಗಾದಳು. "ಇಷ್ಟು ಬೇಗನಾ? ಅಷ್ಟು ದೊಡ್ಡ ಪಟ್ಟಿ!"

ಭಾನುವಾರ ಬೆಳಿಗ್ಗೆ ಫಾದರ್ ಮೂರು ಸಲ ನೀರು ಸುರಿದರು, ಪಿತನ ಹೆಸರಿನಲ್ಲಿ, ಸುತನ ಹೆಸರಿನಲ್ಲಿ, ಪವಿತ್ರಾತ್ಮರ ಹೆಸರಿನಲ್ಲಿ. ಗುಡುಗು ಮಿಂಚು ಏನೂ ಆಗಲಿಲ್ಲ. ನೀರು ತಣ್ಣಗೆ ಕಿವಿಯೊಳಗೆ ಇಳಿಯಿತು, ಅಷ್ಟೆ. ಆದರೆ ತಲೆ ಎತ್ತಿದಾಗ ಮೇಸ್ತ್ರಿಗೆ ಹೊಟ್ಟೆ ಚುರುಗುಟ್ಟುವಂಥ ಹಸಿವಾಯಿತು. ಹಾಗೆ ಹಸಿವಾಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡ. ಉಣ್ಣುತ್ತಲೇ ಹೆಂಡತಿಗೆ ಎಲ್ಲ ಹೇಳಿದ. ಆಕೆ ಎದ್ದು ಅವನ ಒಗೆದ ಅಂಗಿ ತಂದು ಮುಂದಿಟ್ಟಳು. "ಉದ್ದಣ್ಣನ ಹತ್ರ ಹೋಗಿ ಬನ್ನಿ" ಎಂದಳು.

ಉದ್ದಣ್ಣ ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಅಂದೇ ಸಂಜೆ ಬಂದ ಮೇಸ್ತ್ರಿ ಹೇಳಿದ್ದನ್ನೆಲ್ಲ ಕೇಳಿ ಮುಗಿಸುವವರೆಗೂ ಟ್ಯೂಬು ಉಜ್ಜುತ್ತಲೇ ಇದ್ದ.

"ಬಾಗಿಲು ಮುಚ್ಚಿದ್ನೋ ಇಲ್ವೋ ಅಂತ ನಾನೇ ನನ್ನ ಮೇಲೆ ಅನುಮಾನ ಪಟ್ಟುಕೊಂಡು ಬದುಕಿದೀನಲ್ಲೋ, ಪಾಪಿ! ಈಗಲೂ ಮನೆಯಿಂದ ಹೊರಟವನು ಎರಡು ಸಲ ತಿರುಗಿ ಹೋಗಿ ಬೀಗ ಜಗ್ಗಿ ನೋಡ್ತೀನಿ."

"ನಾಳೆ ಕಂಪನಿಗೆ ಹೋಗಿ ಸಾಹೇಬರ ಮುಂದೆ ಹೇಳ್ತೀನಿ. ಬರೆದೂ ಕೊಡ್ತೀನಿ."

"ನಿನ್ನ ಕೆಲಸ ಹೋಗುತ್ತೆ."

"ಹೋದ್ರೆ ಹೋಗಲಿ."

ಉದ್ದಣ್ಣ ಮೊದಲ ಬಾರಿ ತಲೆಯೆತ್ತಿ ಅವನನ್ನೇ ನೋಡಿದ. "ಒಂಬತ್ತಕ್ಕೆ ಗೇಟಿನ ಹತ್ರ ನಿಂತಿರು. ನಾನೂ ಬರ್ತೀನಿ. ನನ್ನ ಕಿವಿಯಾರೆ ಕೇಳಬೇಕು. ಈಗ ಹೊರಡು, ನಿನ್ನ ಮುಖ ಕಂಡ್ರೆ ಮೈ ಉರಿಯುತ್ತೆ."

"ಆಯ್ತು ಕಣೋ," ಎಂದು ಮೇಸ್ತ್ರಿ ಹೊರಟ. ಬೈಸಿಕೊಂಡವನ ನಡಿಗೆಯಾಗಿರಲಿಲ್ಲ ಅದು.