ಒಂದು ದೋಣಿ, ನಾಲ್ಕು ದನಿ

ಸರೋವರದ ದಂಡೆಯಲ್ಲಿ ಹಲಗೆಯ ಒಂದು ಕೋಣೆ. ಒಳಗೆ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒರಗಿಸಿದ ಹುಟ್ಟುಗಳು, ಕಿಟಕಿಯ ಪಕ್ಕ ಹೆಂಡತಿಯ ಹೊಲಿಗೆ ಯಂತ್ರ. ಹೊರಗೆ ಗೂಟಕ್ಕೆ ಕಟ್ಟಿದ ಒಂದು ದೋಣಿ. ಅಂಬಿಗನ ಕಾರೋಬಾರು ಇಷ್ಟೇ. ಆದರೆ ಫೋನ್ ಮಾಡಿದವರ ಕಿವಿಗೆ ಅದು ದೊಡ್ಡ ಆಫೀಸು.

"ಹಕ್ಕಿ ವಿಹಾರ, ನಮಸ್ಕಾರ, ಹೇಳಿ ಹೇಳಿ ಹೇಳಿ" ಎಂದು ಮೂಗಿನಲ್ಲಿ ಪಟಪಟಿಸುವವನು ಬುಕಿಂಗ್ ಗುಮಾಸ್ತ. ಅವನಿಂದ ಬಗೆಹರಿಯದ್ದು ಬಂದರೆ "ಲೈನಲ್ಲಿರಿ, ಮ್ಯಾನೇಜರಿಗೆ ಕೊಡ್ತೀನಿ." ಸ್ಟೀಲ್ ಲೋಟಕ್ಕೆ ಚಮಚದಿಂದ ಟಿಣ್ ಟಿಣ್. ಆಮೇಲೆ ಎದೆಯಾಳದಿಂದ ಒಂದು ಕೆಮ್ಮು, ಕೆಮ್ಮಿನ ಬೆನ್ನಿಗೇ ಮ್ಯಾನೇಜರು. ಯಾವ ಹಕ್ಕಿ ಕಾಣುತ್ತದೆಂದು ಯಾರಾದರೂ ಕೇಳಿದರೆ ಮತ್ತೆ ಟಿಣ್ ಟಿಣ್, ಈ ಸಲ ಪಕ್ಷಿತಜ್ಞರು. ಹಕ್ಕಿ ತಮ್ಮ ಹೆಗಲ ಮೇಲೇ ಕೂತಿದೆಯೇನೋ ಎಂಬಂತೆ ಅವರದು ಬರೀ ಪಿಸುಮಾತು.

ಮೂವರೂ ಅಂಬಿಗನೇ. ಗುಟ್ಟು ರಟ್ಟಾದೀತೆಂದು ದೋಣಿ ಹತ್ತಿದ ಮೇಲೆ ಬಾಯಿಗೆ ಬೀಗ. ಜನ ಏನು ಕೇಳಿದರೂ "ಹೂಂ".

ಹದಿನೆಂಟು ವರ್ಷದ ಹಿಂದೆ ಬಂದ ಮೊಟ್ಟಮೊದಲ ಕರೆಯಲ್ಲಿ ಒಬ್ಬ ಹೆಂಗಸು "ನೀವೊಬ್ರೇನಾ?" ಎಂದು ಕೇಳಿದ್ದಳು. ಇವನು ಹೆಮ್ಮೆಯಿಂದ "ಹೌದು, ಎಲ್ಲಾ ನಾನೇ!" ಅಂದ. ಅತ್ತ ಕಡೆ ಫೋನು ಕಟ್ಟಾಯಿತು. ಅಷ್ಟು ಆಳದ ನೀರು, ಒಬ್ಬನೇ ಮನುಷ್ಯ, ಯಾರು ತಾನೇ ಬಂದಾರು? ಮಾರನೆಯ ದಿನವೇ ಗುಮಾಸ್ತ ಹುಟ್ಟಿದ, ತಿಂಗಳೊಳಗೆ ಮ್ಯಾನೇಜರು. ಜನ ಬರತೊಡಗಿದರು.

ಈಗ ಸರೋವರ ಮಂಡಳಿ ಹೊಸ ನಿಯಮ ತಂದಿತ್ತು. ಇನ್ನು ಮುಂದೆ ಬುಕಿಂಗ್ ಎಲ್ಲ ಮಂಡಳಿಯ ಜಾಲತಾಣದಲ್ಲೇ. ಹೆಸರು ನೋಂದಾಯಿಸದ ದೋಣಿ ನೀರಿಗಿಳಿಯುವಂತಿಲ್ಲ. ಇವತ್ತು ಸಂಜೆ ಐದಕ್ಕೆ ಗಡುವು.

"ಜಾಲಕ್ಕೆ ಮೀನು ಬೀಳ್ಬೇಕು ಕಣೇ. ದೋಣಿನೇ ಬಿದ್ರೆ ಏನು ಗತಿ?" ಎಂದು ತಿಂಗಳುಗಟ್ಟಲೆ ಗೊಣಗಿದ್ದ ಅಂಬಿಗ.

"ಬೀಳ್ದಿದ್ರೆ ದೋಣಿನ ಮಗುಚಿ ಹಾಕಿ ಅದರ ಮೇಲೆ ಬಟ್ಟೆ ಒಣಗಿಸ್ತೀನಿ, ನೋಡ್ತಿರಿ" ಎಂದಿದ್ದಳು ಹೆಂಡತಿ. ಲೈಫ್‌ಜಾಕೆಟ್ ಹೊಲಿಯುವುದು ಅವಳೇ, ಮನೆಯಲ್ಲಿ ನಿಜವಾದ ಮ್ಯಾನೇಜರೂ ಅವಳೇ.

ಕೊನೆಗೆ ಅರ್ಜಿ ಹಾಕಿದ್ದೇನೋ ಹಾಕಿದ. ಆದರೆ ಹದಿನೆಂಟು ವರ್ಷ ಹೇಳಿಕೊಂಡು ಬಂದದ್ದನ್ನು ಬಿಟ್ಟುಕೊಡುವ ಮನಸ್ಸಾಗದೆ 'ಸಂಸ್ಥೆ' ಎಂಬ ಹನ್ನೊಂದು ಪುಟದ ಅರ್ಜಿಯನ್ನೇ ತೆರೆದು, ಸಿಬ್ಬಂದಿ ನಾಲ್ವರು ಎಂದು ಬರೆದ. ಜಾಲತಾಣ ನಾಲ್ವರ ಫೋಟೋ ಕೇಳಿತು. ಇದ್ದಿಲಿನ ಮೀಸೆ ಬರೆದುಕೊಂಡು ಒಂದು, ಕನ್ನಡಕ ಹಾಕಿ ಒಂದು, ಟೋಪಿ ಇಟ್ಟು ಒಂದು, ಬರೀ ಮುಖದ್ದೊಂದು. ಎಲ್ಲದರ ಕೆಳಗೂ ಕೆಂಪು ಅಕ್ಷರದಲ್ಲಿ ಒಂದೇ ಉತ್ತರ: 'ಈ ಮುಖ ಈಗಾಗಲೇ ಬಳಕೆಯಲ್ಲಿದೆ.'

"ನಲವತ್ತೊಂಬತ್ತು ವರ್ಷದಿಂದ ಬಳಕೇಲಿದೆ, ಸವೆದೂ ಹೋಗಿದೆ" ಎಂದಳು ಹೆಂಡತಿ.

ಹಾಗಾಗಿ ಮಧ್ಯಾಹ್ನ ನಾಲ್ಕಕ್ಕೆ ಮಂಡಳಿಯ ಅಧಿಕಾರಿಣಿಯೇ ವಿಡಿಯೋ ಕರೆಯಲ್ಲಿ ಪರಿಶೀಲನೆಗೆ ಬಂದಳು. ಮೊಬೈಲು ಹಿಡಿಯುವ ಕೆಲಸ ಹೆಂಡತಿಯ ಪಾಲಿಗೆ ಬಿತ್ತು.

"ಮೊದಲು ಮ್ಯಾನೇಜರ್ ಬರಲಿ."

ಅಂಬಿಗ ಕೋಟು ತೊಟ್ಟು, ಇದ್ದಿಲಿನ ಮೀಸೆಯಲ್ಲಿ ಬಂದು ಕೆಮ್ಮಿದ. "ನಮ್ಮಲ್ಲಿ ಸುರಕ್ಷತೆಗೇ ಆದ್ಯತೆ ಮೇಡಂ."

"ಸರಿ. ಗುಮಾಸ್ತರು?"

ಕೋಟು ಬಾಗಿಲ ಹಿಂದೆ ಹಾರಿತು, ಮೀಸೆಯನ್ನು ಅಂಗಿಯ ತೋಳು ಒರೆಸಿತು. ಕನ್ನಡಕ ಮೂಗಿಗೇರಿತು. "ಹೇಳಿ ಹೇಳಿ ಹೇಳಿ!"

"ಪಕ್ಷಿತಜ್ಞರು?"

ಕನ್ನಡಕ ಜೇಬಿಗೆ, ದುರ್ಬೀನು ಕೊರಳಿಗೆ. "ಶ್... ಮೆಲ್ಲಗೆ ಮಾತಾಡಿ ಮೇಡಂ..."

"ಆಯ್ತು. ಈಗ ನಾಲ್ವರೂ ಒಟ್ಟಿಗೆ ನಿಂತ್ಕೊಳ್ಳಿ."

ಅಂಬಿಗ ಬಾಗಿಲ ಕಡೆ ಕೈ ತೋರಿಸಿದ. "ಮ್ಯಾನೇಜರು ಈಗಷ್ಟೇ ಹೊರಗೆ..."

"ಎರಡು ನಿಮಿಷದ ಹಿಂದೆ ಅಲ್ಲೇ ಇದ್ದರಲ್ಲ?"

"ಅವರನ್ನ ಹುಡುಕೋಕೆ ಗುಮಾಸ್ತ ಹೋದ..."

ಮೊಬೈಲು ಹಿಡಿದು ಹಿಡಿದು ಹೆಂಡತಿಯ ಕೈ ಸೋತಿತ್ತು. "ನಾಲ್ವರೂ ಇಲ್ಲೇ ಇದ್ದಾರೆ ಮೇಡಂ, ಒಂದೇ ಅಂಗಿಯೊಳಗೆ" ಎಂದುಬಿಟ್ಟಳು.

ಅಧಿಕಾರಿಣಿ ಪರದೆಯಿಂದ ಮಾಯವಾದಳು. ಮೇಜಿನ ಕೆಳಗಿನಿಂದ ನಗು ಮಾತ್ರ ಕೇಳುತ್ತಿತ್ತು. ಮತ್ತೆ ಮೇಲೆದ್ದಾಗ ಕಣ್ಣೊರೆಸಿಕೊಂಡು, ಆದರೂ ಖಡಾಖಂಡಿತವಾಗಿ ಹೇಳಿದಳು: "ಸರ್, ಇಲ್ಲದ ಸಿಬ್ಬಂದಿ ತೋರಿಸಿದ್ದಕ್ಕೆ ಈ ಅರ್ಜಿ ರದ್ದು. ಒಬ್ಬರೇ ದೋಣಿ ನಡೆಸೋರಿಗೆ ಬೇರೆ ಅರ್ಜಿ ಇದೆ, ಒಂದೇ ಪುಟ. ಮೊದಲೇ ಯಾಕೆ ಅದನ್ನ ತುಂಬಲಿಲ್ಲ? ಅದರ ಜೊತೆ ಅರ್ಧ ನಿಮಿಷದ ವಿಡಿಯೋ ಕಳಿಸಿ. ನೀವು ಯಾರು, ಏನು ಅಂತ ನೀವೇ ಹೇಳ್ಬೇಕು. ಬರೋರು ಅದನ್ನ ನೋಡೇ ಬುಕ್ ಮಾಡ್ತಾರೆ. ಇನ್ನು ಮೂವತ್ತೈದು ನಿಮಿಷ ಇದೆ."

ಕರೆ ಮುಗಿಯಿತು. ಅಂಬಿಗ ಕುರ್ಚಿಯಲ್ಲಿ ಕುಸಿದ.

"ಮುಗೀತು ಬಿಡು. ಒಬ್ಬನೇ ಅಂತ ಗೊತ್ತಾದ್ರೆ ಯಾವ ನರಪಿಳ್ಳೆನೂ ಬರಲ್ಲ."

"ರೀ, ಹದಿನೆಂಟು ವರ್ಷದಿಂದ ಅಷ್ಟು ಜನಾನ ದಡ ಮುಟ್ಟಿಸಿದ್ದು ಯಾರು? ಮ್ಯಾನೇಜರು ಒಂದಿನ ಹುಟ್ಟು ಹಾಕಿದ್ನಾ? ಏಳಿ, ಮುಖ ತೊಳ್ಕೊಳ್ಳಿ. ಆ ಮೀಸೆ ಒಂದ್ಕಡೆ ಕರಗಿ ಗಡ್ಡ ಆಗಿದೆ."

ಮುಖ ತೊಳೆದು ಬಂದು ನಿಂತ. ಬಾಯಿ ತೆರೆದರೆ ಕೆಮ್ಮು ಬಂತು. ಅಳಿಸಿ ಮತ್ತೆ ಶುರುಮಾಡಿದರೆ ಮೂಗು ಮಾತಾಡಿತು. ಮೂರನೆಯ ಸಲ ಪಿಸುಮಾತು.

"ಇವರೆಲ್ಲ ಹೋಗ್ಲಿ, ನಿಮ್ಮನ್ನ ಕರೀರಿ" ಎಂದಳು ಹೆಂಡತಿ.

"ನನ್ನ ದನಿ ಹೇಗಿದೆ ಅಂತಾನೇ ಮರೆತುಹೋಗಿದೆ ಕಣೇ!"

"ನನ್ನ ಹತ್ರ ಜಗಳ ಆಡ್ತೀರಲ್ಲ, ಅದೇ. ಸ್ವಲ್ಪ ಸಣ್ಣ ಮಾಡಿ."

ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷ. ಅಂಬಿಗ ಕಣ್ಣುಮುಚ್ಚಿ ತೆರೆದ. ತುಸು ಒಡಕಲು, ತುಸು ತೆಳು, ಆದರೆ ಅವನದೇ ಆದ ದನಿ ಹೊರಬಿತ್ತು.

"ನಮಸ್ಕಾರ. ಇಲ್ಲಿರೋದು ನಾನೊಬ್ಬನೇ. ದೋಣಿ ಒಂದು, ಸೀಟು ಆರು. ಫೋನ್ ಎತ್ತೋದೂ ನಾನೇ, ಹುಟ್ಟು ಹಾಕೋದೂ ನಾನೇ. ಇಷ್ಟು ವರ್ಷದಲ್ಲಿ ನನ್ನ ದೋಣಿಯಿಂದ ಯಾರೂ ನೀರಿಗೆ ಬಿದ್ದಿಲ್ಲ." ಎದುರಿಗಿದ್ದ ಹೆಂಡತಿ ಹುಬ್ಬೇರಿಸಿದಳು. "ಒಬ್ಬರು ಬಿದ್ದಿದ್ದಾರೆ. ಅದೂ ನಾನೇ."

ಹೆಂಡತಿಯ ನಗೆಗೆ ಚಿತ್ರ ಅಲುಗಿತು. ಇನ್ನೊಮ್ಮೆ ತೆಗೆಯಲು ಪುರುಸೊತ್ತಿರಲಿಲ್ಲ. ನಗು, ಅಲುಗಾಟ ಎಲ್ಲವನ್ನೂ ಹಾಗೇ ಕಳಿಸಿದರು. ಐದಕ್ಕೆ ಒಂದು ನಿಮಿಷವಿದ್ದಾಗ ಹಸಿರು ಅಕ್ಷರ ಮೂಡಿತು: 'ನೋಂದಣಿ ಪೂರ್ಣಗೊಂಡಿದೆ.'

ಎರಡು ದಿನ ಏನೂ ಇಲ್ಲ. ಅಂಬಿಗ ಗಳಿಗೆಗೊಮ್ಮೆ ಮೊಬೈಲನ್ನು ಕಿಟಕಿಗೆ ಹಿಡಿದು ನೋಡುವುದು, ಹೆಂಡತಿ "ಬುಕಿಂಗು ಬಿಸಿಲಿಗೆ ಬೆಳೆಯಲ್ಲ, ಕೆಳಗಿಡಿ" ಎನ್ನುವುದು. ಮೂರನೆಯ ದಿನ ಟಿಂಗ್ ಎಂದಿತು. ಆರು ಸೀಟು, ನಾಳೆ ಬೆಳಗ್ಗೆ ಆರೂವರೆ.

ಬಂದವರು ಒಂದೇ ಮನೆಯ ಆರು ಮಂದಿ. ಎಲ್ಲರಿಗಿಂತ ಹಿರಿಯ ಅಜ್ಜಿ ದೋಣಿಗೆ ಕಾಲಿಡುತ್ತಲೇ, "ಬೇರೆಯವರೆಲ್ಲ ನಾವೇ ನಂಬರ್ ಒನ್ ಅಂತ ಕೊಚ್ಚಿಕೊಂಡಿದ್ದಾರೆ. ನೀರಿಗೆ ಬಿದ್ದೆ ಅಂತ ಒಪ್ಕೊಂಡೋನು ನೀನೊಬ್ಬನೇ ಕಣಪ್ಪ. ಹೇಗೆ ಬಿದ್ದೆ ಹೇಳು" ಎಂದರು.

ಅಂಬಿಗ "ಹೂಂ" ಅನ್ನಲು ಹೊರಟವನು ತಡೆದ. ನಕ್ಕ. ಹೇಳತೊಡಗಿದ. ಬಿದ್ದದ್ದು ಹೇಳಿದ, ಎದ್ದದ್ದು ಹೇಳಿದ, ಹೆಂಡತಿ ಬೈದದ್ದನ್ನು ಅವಳ ದನಿಯಲ್ಲೇ ಹೇಳಿದ. ದೋಣಿ ತುಂಬ ನಗು. ಜೊಂಡಿನ ಹತ್ತಿರ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಈ ಗಲಾಟೆಗೆ ನೀರುಕಾಗೆಗಳ ದೊಡ್ಡ ಹಿಂಡೊಂದು ಬೇಸರದಿಂದಲೇ ಎಂಬಂತೆ ಎದ್ದು, ದೋಣಿಗೊಂದು ಸುತ್ತು ಹಾಕಿ, ಆಚೆ ದಡಕ್ಕೆ ಹಾರಿಹೋಯಿತು.

"ಅಯ್ಯೋ, ನನ್ನ ಬಾಯಿಂದ ಹಕ್ಕಿ ಎಲ್ಲ ಹೋಯ್ತು!" ಅಂಬಿಗ ನಾಲಿಗೆ ಕಚ್ಚಿಕೊಂಡ.

"ಹೋಗ್ಲಿ ಬಿಡು. ಹಾರಿದಾಗಲೇ ಅಲ್ವಾ ಚೆನ್ನಾಗಿ ಕಂಡಿದ್ದು" ಎಂದು ಅಜ್ಜಿ ಕಾಲು ಚಾಚಿ ಕೂತರು. "ಅವು ವಾಪಸ್ ಬರೋವರೆಗೆ ಇನ್ನೊಂದು ಹೇಳು."

ಅಂಬಿಗ ಹುಟ್ಟುಗಳನ್ನು ಮೇಲಕ್ಕೆತ್ತಿ ದೋಣಿಯನ್ನು ಅದರ ಪಾಡಿಗೆ ಬಿಟ್ಟು, "ನಮ್ಮಲ್ಲೊಬ್ಬ ಮ್ಯಾನೇಜರು ಇದ್ದ ಅಜ್ಜಿ" ಎಂದು ಶುರುಮಾಡಿದ.